ಗೇಟಿನೊಳಗೆ ನೆಂಟಸ್ತಿಕೆ ಇಲ್ಲ

ಬೆಟ್ಟದಪುರದ ಬೆಟ್ಟದ ಮೇಲಿರುವ ಮಲ್ಲಿಕಾರ್ಜುನಸ್ವಾಮಿಗೆ ಮೊದಲು ಕೈಮುಗಿದು ಇದನ್ನು ಬರೆಯುತ್ತಿದ್ದೇನೆ. ಸಂತೋಷದ ಸುದ್ದಿಯನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವವಳು ನಾನಲ್ಲ. ಕೈಗೆ ಹಿಟ್ಟು ಮೆತ್ತಿದ್ದರೂ ಸರಿ, ಬಾಗಿಲಿಗೆ ಬಂದು ಪಕ್ಕದ ಮನೆಯವಳನ್ನು ಕೂಗಿ ಹೇಳಿಬಿಡುತ್ತೇನೆ. ಇದನ್ನಂತೂ ಬೀದಿಗೆಲ್ಲ ಹೇಳಿ ಮುಗಿಸಿದ್ದೇನೆ. ಆದರೂ ತೃಪ್ತಿಯಿಲ್ಲ!

ಹೊಗೆಸೊಪ್ಪು ಮುರಿಯುವ ಕಾಲ ಅದು. ನಾಲ್ಕನೇ ಕ್ಲಾಸಿನ ನನ್ನ ಮಗಳು ಸಂಜೆ ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಕಿ ಅಡುಗೆಮನೆಗೆ ನುಗ್ಗುತ್ತಿದ್ದಳು. ತಣ್ಣಗಾದ ಮುದ್ದೆ, ತಳದ ಸಾರು, ಏನಿದ್ದರೂ ಸರಿ, ನಿಂತೇ ತಿನ್ನುತ್ತಿದ್ದಳು.

“ಯಾಕವ್ವಾ, ಇಸ್ಕೂಲಲ್ಲಿ ಉಣ್ಣಲಿಲ್ವಾ?”

“ಉಂಡೆ.”

“ಉಂಡೋಳು ಇಂಗೆ ತಿಂತಾಳಾ?”

ಇನ್ನೊಂದು ತುತ್ತು ಮುರಿದುಕೊಳ್ಳುತ್ತಿದ್ದಳು. ಒಂದು ದಿನ ತಿನ್ನುತ್ತಿದ್ದದ್ದನ್ನು ನಿಲ್ಲಿಸಿ, “ಅಮ್ಮ, ನನ್ನ ಮಿರ್ಲೆ ಇಸ್ಕೂಲಿಗೆ ಸೇರ್ಸು. ಅಜ್ಜಿ ಮನೇಲೇ ಇದ್ದು ಓದ್ತೀನಿ” ಅಂದಳು. ಮಿರ್ಲೆ ನನ್ನ ತವರು. ಅಜ್ಜಿ ಮುದ್ದು ಮಾಡುತ್ತಾಳೆ, ಅದಕ್ಕೆ ಹೀಗಂತಾಳೆ ಅಂದುಕೊಂಡೆ. ದೃಷ್ಟಿಯಾಗಿರಬೇಕೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೂ ಹಾಕಿದೆ. ಘಾಟು ಬಂದು ಮನೆಯವರೆಲ್ಲ ಕೆಮ್ಮಿದರು. ಮಗಳು ಮಾತ್ರ ಮರುದಿನವೂ ಅದನ್ನೇ ಕೇಳಿದಳು: “ಮಿರ್ಲೆಗೆ ಯಾವಾಗ ಕಳಿಸ್ತೀಯ?”

ದೇವರು ಕಣ್ಣು ತೆರೆಸಿದ್ದು ನುಗ್ಗೆಕಾಯಿಯ ನೆಪದಲ್ಲಿ. ನಮ್ಮ ಹಿತ್ತಲ ಮರ ಆ ಸಲ ಬಗ್ಗಿ ಬಿಟ್ಟಿತ್ತು. ಬಿಸಿಯೂಟದ ಸಾಂಬಾರಿಗೆ ಆಗಲಿ ಅಂತ ಒಂದು ಕಂತೆ ಹಿಡಿದು ಶಾಲೆಗೆ ಹೋದೆ. ಮಕ್ಕಳ ಊಟ ಮುಗಿಯುತ್ತಿದ್ದ ಹೊತ್ತು. ನೋಡುತ್ತೇನೆ, ನನ್ನ ಮಗಳು ನಲ್ಲಿಯ ಹತ್ತಿರ ಎರಡು ತಟ್ಟೆ ಹಿಡಿದು ಕೂತಿದ್ದಾಳೆ. ಒಂದು ಅವಳದ್ದು. ಇನ್ನೊಂದು ಆರನೇ ಕ್ಲಾಸಿನ ಅವಳ ಅತ್ತೆ ಮಗನದ್ದು. ಅವನು ಜಗಲಿಯ ಅಂಚಲ್ಲಿ ಕಾಲು ಇಳಿಬಿಟ್ಟು ಕೂತು ಅವಳ ಪಾಲಿನ ಮೊಟ್ಟೆ ತಿನ್ನುತ್ತಿದ್ದ. ಸುತ್ತ ನಿಂತ ಹುಡುಗರು ಚಪ್ಪಾಳೆ ತಟ್ಟಿಕೊಂಡು ರಾಗವಾಗಿ ಕೂಗುತ್ತಿದ್ದರು:

“ಎಂಡ್ತಿ ತೊಳಿ! ಗಂಡನ್ ತಟ್ಟೆ ತೊಳಿ!”

ಅಡುಗೆಯಾಕೆ ನನ್ನ ಕೈಯಿಂದ ನುಗ್ಗೆಕಾಯಿ ತೆಗೆದುಕೊಳ್ಳುತ್ತಾ ನಕ್ಕಳು. “ಅತ್ತೆ ಮಗ ಅಲ್ವೇನಕ್ಕ? ಈಗ್ಲಿಂದ್ಲೇ ಸಂಸಾರ ಕಲೀತಾವ್ಳೆ ಬುಡು.”

ಅವಳನ್ನು ಅಂದು ಏನು ಪ್ರಯೋಜನ? ಆ ಹುಡುಗ ನಮ್ಮ ಯಜಮಾನರ ಅಕ್ಕನ ಮಗ. ಅತ್ತಿಗೆಯನ್ನು ನಮ್ಮೂರಿಗೇ ಕೊಟ್ಟಿದೆ, ಅವರ ಮನೆ ಹಿಂದಿನ ಬೀದಿಯಲ್ಲಿ. ನನ್ನ ಮಗಳು ತೊಟ್ಟಿಲಲ್ಲಿದ್ದಾಗಲೇ ಅತ್ತಿಗೆ ಬಂದು ಕೆನ್ನೆ ಹಿಂಡಿ, “ಇವ್ಳು ನನ್ ಮಗನ್ ಎಂಡ್ತಿ ಕಣ್ರೋ, ಯಾರೂ ಕಣ್ಣಾಕ್ಬ್ಯಾಡಿ” ಅಂದಿದ್ದರು. ಹಬ್ಬಕ್ಕೆ ಎಲ್ಲರೂ ಸೇರಿದಾಗ “ನಿನ್ ಗಂಡಂಗೆ ನೀರು ಕೊಡವ್ವಾ” ಅನ್ನುವುದು, ಅವಳು ಮುಖ ಊದಿಸಿದರೆ ಎಲ್ಲರೂ ನಗುವುದು. ನಮ್ಮ ಕಡೆ ಅತ್ತೆ ಮಗ, ಮಾವನ ಮಗಳು ಅಂದರೆ ಹೀಗೆ ರೇಗಿಸುವುದು ಮೊದಲಿನಿಂದ ಬಂದದ್ದು. ನನಗೂ ರೇಗಿಸಿದ್ದರು, ನನ್ನ ತಾಯಿಗೂ ರೇಗಿಸಿದ್ದರು. ಆ ತಮಾಷೆ ಮಕ್ಕಳ ಜೊತೆ ಬ್ಯಾಗು ಹಾಕಿಕೊಂಡು ಶಾಲೆಗೂ ಹೋಗುತ್ತದೆ, ಅಲ್ಲಿ ಊಟ ಕಿತ್ತುಕೊಳ್ಳುತ್ತದೆ ಅಂತ ಯಾರಿಗೆ ಹೊಳೆದಿತ್ತು?

ಆವತ್ತು ಮಗಳನ್ನು ಪಕ್ಕ ಕೂರಿಸಿಕೊಂಡು ಕೇಳಿದೆ. ಆಗ ಬಾಯಿ ಬಿಟ್ಟಳು. ಅವನ ಬ್ಯಾಗು ಹೊರಬೇಕು. ತಟ್ಟೆ ತೊಳೆಯಬೇಕು. ಇಲ್ಲವೆಂದರೆ ಹುಡುಗರೆಲ್ಲ ಸೇರಿ ಕೂಗುತ್ತಾರೆ. ಕೂಗುವುದನ್ನು ಕೇಳಿ ಅವಳ ಗೆಳತಿಯರೂ ನಗುತ್ತಾರೆ. ಅದಕ್ಕೆ ತಟ್ಟೆಗೆ ಸ್ವಲ್ಪವೇ ಹಾಕಿಸಿಕೊಂಡು ಬೇಗ ಎದ್ದುಬಿಡುತ್ತಾಳೆ.

“ನಂಗ್ಯಾಕವ್ವಾ ಏಳಲಿಲ್ಲ?”

“ನೀವೂ ನಗ್ತೀರಲ್ಲ” ಅಂದಳು.

ಯಜಮಾನರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದರು. ಹೋಗಿ ಹೇಳಿದೆ. ಅವರ ಮುಖ ಸಪ್ಪಗಾಯಿತು. “ಅಕ್ಕನ್ ತಾವ ಏನಂತ ಏಳಾನೆ? ನಾಳೆ ಅವರ ಮನೇರೇ ಬಂದು ನಮ್ ಸೊಪ್ಪು ಕಟ್ಬೇಕು” ಅಂದರು. ಅದೂ ನಿಜವೇ. ನಮ್ಮಲ್ಲಿ ಮುಯ್ಯಾಳು ಲೆಕ್ಕ: ಅವರು ನಮ್ಮ ಕೆಲಸಕ್ಕೆ, ನಾವು ಅವರ ಕೆಲಸಕ್ಕೆ. ಜಗಳವಾದರೆ ಎರಡು ಮನೆಯ ಸೊಪ್ಪೂ ಹೊಲದಲ್ಲೇ ಹಣ್ಣಾಗಿ ಹೋಗುತ್ತದೆ. ಆದರೆ ಮಗು ಮಿರ್ಲೆಗೆ ಹೋಗುತ್ತೇನೆ ಅನ್ನುವುದು ಅಜ್ಜಿಯ ಮೇಲಿನ ಆಸೆಗಲ್ಲ, ಅನ್ನಕ್ಕೆ ಅಂತ ಗೊತ್ತಾದ ಮೇಲೆ ನಾನು ಸುಮ್ಮನಿರುವುದು ಹೇಗೆ? ದೀಪ ಹಚ್ಚಿ, “ಸ್ವಾಮಿ, ನನ್ನ ಬಾಯಿಗೆ ಸಿಟ್ಟು ಕೊಡಬೇಡ, ಸರಿಯಾದ ಮಾತು ಕೊಡು” ಅಂತ ಕೇಳಿಕೊಂಡೆ.

ಮರುದಿನ ಶಾಲೆಗೆ ಹೋದೆ. ಹೆಡ್‌ ಮೇಡಂ ಹುಣಸೂರಿನಿಂದ ದಿನಾ ಬಸ್ಸಲ್ಲಿ ಬರುವವರು. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿ ಎಳೆದು ಕೂರಿಸಿ, “ನೀವು ಬರಲಿ ಅಂತಲೇ ಕಾಯ್ತಿದ್ದೆ ಕಣಮ್ಮ” ಅಂದುಬಿಟ್ಟರು!

ಅವರು ಎಲ್ಲ ನೋಡಿದ್ದರಂತೆ. ಒಂದು ಸಲ ಹುಡುಗನನ್ನು ಗದರಿಯೂ ಇದ್ದರಂತೆ. ಆಗ ಅತ್ತಿಗೆ ಬಂದು, “ನನ್ ತಮ್ಮನ್ ಮಗ್ಳು ಕಣ್ರೀ, ಅದು ನಮ್ ಮನೆ ವಿಷ್ಯ, ನಿಮಗ್ಯಾಕೆ?” ಅಂದರಂತೆ. ಅಡುಗೆಯಾಕೆ, ಪಕ್ಕದ ಅಂಗಡಿಯವರು, ಯಾರನ್ನು ಕೇಳಿದರೂ “ನೆಂಟ್ರು ಬುಡಿ ಮೇಡಂ” ಅಂದರಂತೆ. “ನಾನು ಹೊರಗಿನವಳು. ನಿಮ್ಮ ಪದ್ಧತಿ ಇರಬಹುದೇನೋ, ಮನೆಯವರೇ ಕೇಳಲಿ ಅಂತ ಬಿಟ್ಟೆ” ಅಂದರು. ಶಾಲೆಯ ವಿಷಯ ಶಾಲೆಯವರು ನೋಡಿಕೊಳ್ಳುತ್ತಾರೆ ಅಂತ ನಾವು, ಮನೆಯ ವಿಷಯ ಮನೆಯವರು ನೋಡಿಕೊಳ್ಳುತ್ತಾರೆ ಅಂತ ಅವರು. ಮಧ್ಯದಲ್ಲಿ ಮಗು ಉಪವಾಸ.

“ಹುಡುಗನನ್ನ ಒಬ್ಬನನ್ನೇ ಎಳೆದು ನಿಲ್ಲಿಸೋದು ಬೇಡ. ಎಲ್ಲಾ ತಂದೆ ತಾಯಿಯರನ್ನ ಕರೀತೀನಿ. ನೀವು ಮಾತಾಡ್ತೀರಾ?” ಅಂತ ಕೇಳಿದರು. ಧೈರ್ಯವಾಗಿ “ಊಂ” ಅಂದು ಬಂದೆ. ಮನೆ ತಲುಪುವಷ್ಟರಲ್ಲಿ ಬಾಯಿ ಒಣಗಿತ್ತು.

ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಸಭೆ. ನಾನು ನಾಲ್ಕೈದು ಜನ ಬರಬಹುದು ಅಂದುಕೊಂಡಿದ್ದೆ. ಸೊಪ್ಪಿನ ಕೆಲಸ ಬಿಟ್ಟು ಜನ ಜಗಲಿ ತುಂಬ ಬಂದಿದ್ದರು! ಕೈಯೆಲ್ಲ ಹೊಗೆಸೊಪ್ಪಿನ ಅಂಟು, ಹಾಗೇ ಬಂದು ಕೂತಿದ್ದರು. ಅತ್ತಿಗೆ ಮುಂದಿನ ಸಾಲಲ್ಲೇ. ಮೇಡಂ ಯಾರ ಹೆಸರೂ ಎತ್ತದೆ ಊಟದ ಹೊತ್ತಿನಲ್ಲಿ ನಡೆಯುವುದನ್ನು ಹೇಳಿದರು. ಶಾಲಾ ಸಮಿತಿಯ ಅಧ್ಯಕ್ಷರು ಟವೆಲ್ಲು ಕೊಡವಿ, “ಅಲ್ಲಾ ಮೇಡಂ, ನಮ್ಮೂರಲ್ಲಿ ಎಲ್ಲಾರೂ ನೆಂಟ್ರೇ. ರೇಗಿಸ್ಬ್ಯಾಡಿ ಅಂದ್ರೆ ಊರೇ ಮೂಗಾಗ್ಬೇಕಾಯ್ತದೆ” ಅಂದರು. ಎಲ್ಲರೂ ಘೊಳ್ಳನೆ ನಕ್ಕರು.

ಆ ನಗುವಿನ ಮಧ್ಯೆ ಕೊನೆಯಲ್ಲಿ ಕೂತ ಒಬ್ಬ ತಾಯಿ, ಮೂರನೇ ಕ್ಲಾಸಿನ ಹುಡುಗನ ಅಮ್ಮ, ಮೆಲ್ಲಗೆ ಹೇಳಿದಳು: “ನನ್ ಮಗಂಗೂ ‘ಅಳಿಯ, ಬಾರ್ಲಾ’ ಅಂತ ಕರ್ದು ಬೆನ್ ಮೇಲೆ ಕೂತ್ಕತಾರೆ. ಅವ್ನು ಉಚ್ಚೆಗೆ ಓಗಕ್ಕೂ ಎದ್ರುತಾನೆ.” ನಗು ಸ್ವಲ್ಪ ಕಡಿಮೆಯಾಯಿತು.

ಅತ್ತಿಗೆ ಥಟ್ಟನೆ ಎದ್ದರು. “ಇದೆಲ್ಲ ನನ್ ಮಗನ್ನ ಎತ್ತಾಡಕ್ಕೆ ಕರ್ದಿರೋ ಸಭೆ. ನಂಗೊತ್ತಾಗಲ್ವಾ? ಯಾರು ಊದವ್ರೆ ಅಂತಾನೂ ಗೊತ್ತು!” ಅಂತ ನನ್ನ ಕಡೆ ತಿರುಗಿದರು.

ನಾನೂ ಎದ್ದೆ. ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಗಿ ಬಾಯಿಗೆ ಬಂದದ್ದು ಇಷ್ಟೇ:

“ಅತ್ತಿಗೆ, ನಿಮ್ ತಮ್ಮನ್ ಮಗ್ಳು ದಿನಾ ಅಸ್ಕೊಂಡು ಮನೆಗ್ ಬತ್ತಾವ್ಳೆ.”

ಅತ್ತಿಗೆ ಬಾಯಿ ತೆರೆದವರು ಹಾಗೇ ನಿಂತರು. ನಮ್ಮ ಮನೆಗೆ ಬಂದಾಗಲೆಲ್ಲ ಮಡಿಲಲ್ಲಿ ಕಡಲೆಬೀಜವೋ ಬಾಳೆಹಣ್ಣೋ ಮುಚ್ಚಿಟ್ಟುಕೊಂಡು ಬಂದು, ಮೊದಲು ತಮ್ಮನ ಮಗಳಿಗೆ ತಿನ್ನಿಸಿ ಆಮೇಲೆ ನನ್ನನ್ನು ಮಾತಾಡಿಸುವ ಹೆಂಗಸು ಅವರು.

“ಅಸ್ಕೊಂಡಾ? ಯಾಕೆ?”

“ಅವ್ಳ ಮೊಟ್ಟೆ ಅವ್ಳಿಗಿಲ್ಲ. ಉಣ್ಣಕ್ಕೆ ಕೂತ್ರೆ ಎಂಡ್ತಿ ಎಂಡ್ತಿ ಅಂತ ಕೂಗ್ತಾರೆ. ಮಿರ್ಲೆಗೆ ಕಳ್ಸು ಅಂತಾವ್ಳೆ, ಈ ಊರೇ ಬ್ಯಾಡ್ವಂತೆ.”

ಆಮೇಲೆ ಅತ್ತಿಗೆ ಸೆರಗು ಸಿಕ್ಕಿಸಿದರು ನೋಡಿ! “ಎಲ್ಲವ್ನೆ ಆ ಬಡ್ಡೈದ? ನನ್ ತಮ್ಮನ್ ಮಗೀನ ತುತ್ತು ಕಿತ್ಕತಾನಾ? ಇವತ್ತು ಅವ್ನ ಚರ್ಮ ಸುಲೀತೀನಿ!” ಮೈದಾನದಲ್ಲಿ ಆಡುತ್ತಿದ್ದ ಹುಡುಗ ಅವ್ವನ ದನಿ ಕೇಳಿದ್ದೇ ತಡ, ಬೇವಿನ ಮರದ ಹಿಂದೆ ಸೇರಿಕೊಂಡ. ಮೇಡಂ ಅತ್ತಿಗೆಯ ಕೈ ಹಿಡಿದುಕೊಂಡರು. “ಹೊಡೆದ್ರೆ ಆ ಸಿಟ್ಟನ್ನ ಅವನು ನಾಳೆ ಇನ್ನೊಂದು ಮಗುವಿನ ಮೇಲೆ ತೀರಿಸ್ಕೋತಾನೆ ಅಮ್ಮ. ಮೊದಲು ಕೇಳೋಣ.”

ಮೇಡಮ್ಮೇ ಮರದ ಹತ್ತಿರ ಹೋಗಿ ಅವನ ಜೊತೆ ಕೂತು ಕೇಳಿದರು. ಅವನು ಹೇಳಿದ್ದನ್ನು ಅತ್ತಿಗೆಯನ್ನೂ ನನ್ನನ್ನೂ ಪಕ್ಕಕ್ಕೆ ಕರೆದು ನಮ್ಮಿಬ್ಬರಿಗೆ ಮಾತ್ರ ತಿಳಿಸಿದರು. ಮೊದಲು ದೊಡ್ಡ ಹುಡುಗರು ಅವನನ್ನೇ “ನಿನ್ ಎಂಡ್ತಿ ಬಂದ್ಲು ನೋಡ್ಲಾ” ಅಂತ ಗೋಳು ಹೊಯ್ದುಕೊಳ್ಳುತ್ತಿದ್ದರಂತೆ. ನಾಚಿಕೆ ತಡೆಯಲಾಗದೆ ಅತ್ತೂ ಇದ್ದನಂತೆ. ಆಮೇಲೆ ಒಂದು ದಿನ “ಹೌದು ಕಣ್ರೋ, ತಟ್ಟೆ ತೊಳಿಸ್ತೀನಿ ನೋಡಿ” ಅಂದ. ಎಲ್ಲರೂ ಅವನ ಕಡೆಗಾದರು. ಅತ್ತಿಗೆ ಅಲ್ಲೇ ಕಣ್ಣೊರೆಸಿಕೊಂಡರು. “ನಾವೇ ಇಬ್ರಿಗೂ ತಗಲಾಕಿದ್ದು” ಅಂದರು. ನಾನು ಅವರ ಕೈ ಒತ್ತಿದೆ. ಜಗಳವಾಗಲಿಲ್ಲ! ಹೆದರಿದ್ದ ಜಗಳ ಆಗಲೇ ಇಲ್ಲ! ಆ ದಿನದ ನನ್ನ ಪಾಲಿನ ದೊಡ್ಡ ಪ್ರಸಾದ ಅದೇ.

ಸಭೆ ಮುಗಿಯುವ ಮೊದಲು ಮಾತಾಯಿತು. ಶಾಲೆಯ ಗೇಟಿನೊಳಗೆ ನೆಂಟಸ್ತಿಕೆ ಇಲ್ಲ. ಅತ್ತೆ ಮಗ, ಅಳಿಯ, ಹೆಂಡತಿ ಒಂದೂ ಇಲ್ಲ, ಹೆಸರು ಹಿಡಿದೇ ಕರೆಯಬೇಕು. ಅವರವರ ತಟ್ಟೆ ಅವರವರೇ ತೊಳೆಯಬೇಕು. ಊಟದ ಹೊತ್ತಿಗೆ ತಾಯಂದಿರಲ್ಲಿ ಒಬ್ಬರು ಸರದಿಯ ಮೇಲೆ ಬಂದು ಮಕ್ಕಳ ಸಾಲಲ್ಲೇ ಕೂರಬೇಕು. ಬೈಯಲಿಕ್ಕಲ್ಲ, ಸುಮ್ಮನೆ ಜೊತೆಯಲ್ಲಿ ಉಣ್ಣಲಿಕ್ಕೆ. ಮೇಡಂ ಇನ್ನೊಂದು ಸೇರಿಸಿದರು: “ಮನೆಯಲ್ಲೂ ನೀವು ಆ ತಮಾಷೆ ನಿಲ್ಲಿಸಬೇಕು. ಇಲ್ಲಿ ನಾನು ಒರೆಸಿದ್ದನ್ನ ನೀವು ಅಲ್ಲಿ ಮತ್ತೆ ಬರೆದ್ರೆ ಆಗಲ್ಲ.” ಅಧ್ಯಕ್ಷರು ತಲೆ ಕೆರೆದುಕೊಂಡು, “ಇದು ಕಷ್ಟ ಕಣ್ರೀ” ಅಂದರು.

ಕಷ್ಟವೇ ಆಯಿತು! ಮಕ್ಕಳು ಬೇಗ ಕಲಿತರು, ದೊಡ್ಡವರ ನಾಲಿಗೆ ಮಾತ್ರ ಕೇಳಲಿಲ್ಲ. ಅತ್ತಿಗೆ ಮನೆಯವರು ಸೊಪ್ಪು ಕಟ್ಟಲು ನಮ್ಮ ಅಂಗಳಕ್ಕೆ ಬಂದ ದಿನ ನನ್ನ ಮಾವನವರು ಕಡ್ಡಿಗೆ ಎಲೆ ಕಟ್ಟುತ್ತಾ ಅಭ್ಯಾಸಬಲದಲ್ಲಿ, “ಏನವ್ವಾ, ನಿನ್ ಗಂಡ ಎಲ್ಲಿ?” ಅಂತ ಮೊಮ್ಮಗಳನ್ನು ಕೇಳಿಬಿಟ್ಟರು. ಅವಳ ಕೈ ನಿಂತಿತು. ನಾನು ಏನು ಹೇಳಲಿ ಅನ್ನುವಷ್ಟರಲ್ಲಿ ಅತ್ತಿಗೆ ಎದ್ದರು.

“ಅಪ್ಪಾ! ಮಗೀಗೆ ಎಸರಿಲ್ವಾ? ಇನ್ನೊಂದ್ಸಲ ಅಂಗಂದ್ರೆ ಇವತ್ತು ನಿಂಗೆ ಕಾಪಿ ಇಲ್ಲ.”

“ಒಸಿ ತಮಾಸೆ ಮಾಡುದ್ರೆ ಕಾಪಿನೂ ಇಲ್ವಾ?”

“ಇಲ್ಲ. ಅವ್ಳಿಗೆ ನಗು ಬಂದ್ರೆ ತಮಾಸೆ. ಬಂತಾ ನೋಡು.”

ಮಾವನವರು ಮೊಮ್ಮಗಳ ಮುಖ ನೋಡಿದರು. ಆಮೇಲೆ ಅವಳ ಹೆಸರು ಹಿಡಿದು, ಮೇಷ್ಟ್ರು ಹಾಜರಿ ಕೂಗುವ ಹಾಗೆ ಜೋರಾಗಿ ಕರೆದರು. ಅವಳು “ಬಂದೆ ಸಾ!” ಅಂದಳು. ಆಗ ಬಂತು ನಗು, ಇಡೀ ಅಂಗಳಕ್ಕೆ! ನಾನು ಎಲೆಯ ರಾಶಿಯ ಹಿಂದೆ ಮುಖ ಮರೆಸಿಕೊಂಡು ಸ್ವಾಮಿಯನ್ನು ನೆನೆದೆ.

ಊಟದ ಸಾಲಿನಲ್ಲಿ ಕೂರುವ ಮೊದಲ ಸರದಿಯನ್ನು ಅತ್ತಿಗೆಯೇ ಹಟ ಮಾಡಿ ತೆಗೆದುಕೊಂಡಿದ್ದರು. ಮಗನ ಪಕ್ಕ ಕೂರಲಿಲ್ಲ, ತಮ್ಮನ ಮಗಳ ಪಕ್ಕವೂ ಕೂರಲಿಲ್ಲ, ಮೂರನೇ ಕ್ಲಾಸಿನ ಆ ಪುಟ್ಟ ಹುಡುಗನ ಪಕ್ಕ ಕೂತು ಉಂಡರಂತೆ. ನನ್ನ ಸರದಿ ಬಂದಾಗ ನೋಡಿದೆ, ಹುಡುಗ ತನ್ನ ತಟ್ಟೆ ತಾನೇ ಉಜ್ಜುತ್ತಿದ್ದ. ಸರಿಯಾಗಿ ತೊಳೆಯಲು ಬರುತ್ತಿರಲಿಲ್ಲ ಪಾಪ, ಅಂಗಿಯೆಲ್ಲ ನೀರು. ನನ್ನ ಮಗಳು ಗೆಳತಿಯರ ಮಧ್ಯೆ ಕೂತು ಮೊಟ್ಟೆಯ ಹಳದಿಯನ್ನು ಕೊನೆಗೆ ಉಳಿಸಿಕೊಂಡು ನಿಧಾನವಾಗಿ ತಿನ್ನುತ್ತಿದ್ದಳು. ಮಗು ನಿಧಾನವಾಗಿ ಉಣ್ಣುವುದನ್ನು ನೋಡುವುದೂ ಒಂದು ಭಾಗ್ಯ ಅಂತ ನನಗೆ ಅವತ್ತೇ ಗೊತ್ತಾದದ್ದು.

ಎಲ್ಲವೂ ಒಂದೇ ಸಲಕ್ಕೆ ಸರಿಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಮಧ್ಯೆ ಒಂದು ದಿನ ಹುಡುಗರು ಮತ್ತೆ ಕೂಗಿದರು. ಮಗಳು ಆವತ್ತೇ ಮೇಡಂಗೆ ಹೇಳಿದಳು, ಮೇಡಂ ಸಂಜೆಯೇ ಆ ಮನೆಗಳಿಗೆ ಫೋನು ಮಾಡಿದರು. ಅವಳು ಹೇಳಿದಳಲ್ಲ, ನನಗೆ ಅದೇ ದೊಡ್ಡದು.

ಇಷ್ಟರಲ್ಲಿ ನಾನು ಸಭೆಗೆ ಮೊದಲೇ ಮಿರ್ಲೆಗೆ ಫೋನು ಮಾಡಿ ಎಲ್ಲ ಹೇಳಿದ್ದನ್ನೇ ಮರೆತಿದ್ದೆ. ಮೊನ್ನೆ ಬೆಳಿಗ್ಗೆ ನಮ್ಮಮ್ಮ ಬಸ್ಸಿಳಿದು ಬಂದೇಬಿಟ್ಟಳು, ಒಂದು ಚೀಲ ಕೋಡುಬಳೆಯ ಜೊತೆ. “ಎಲ್ಲವ್ಳೆ ನನ್ ಮೊಮ್ಮಗ್ಳು? ಅಲ್ಲಿ ಮೇಷ್ಟ್ರಿಗೆಲ್ಲ ಏಳಿವ್ನಿ. ಬಟ್ಟೆ ಕಟ್ಟವ್ವಾ, ಓಗಾನ.”

ಮಗಳು ಜಡೆ ಹಾಕಿಸಿಕೊಳ್ಳುತ್ತಿದ್ದಳು. ನನ್ನ ಕೈ ಅವಳ ಕೂದಲಲ್ಲೇ ನಿಂತಿತು. ಅವಳು ಏನನ್ನುತ್ತಾಳೋ!

“ಈಗ ಬರಕ್ಕಾಗಲ್ಲಜ್ಜಿ. ಇವತ್ತು ಬಡ್ಸೋದು ನಮ್ ಕ್ಲಾಸಿನೋರು. ರಜದಲ್ಲಿ ಬತ್ತೀನಿ.”

“ಅಯ್ಯೋ ನನ್ನವ್ವಾ, ಅಷ್ಟು ದೂರದಿಂದ ಬಂದಿವ್ನಿ ಕಣೇ!”

“ಎಂಗಸ್ರಿಗೆ ಬಸ್ಸು ಫ್ರೀ ಅಲ್ವಾ ಅತ್ತೆ” ಅಂತ ನಮ್ಮ ಯಜಮಾನರು ಒಳಗಿನಿಂದ ಕೂಗಿದರು. ನಮ್ಮಮ್ಮ ಅಳಿಯನ ಮುಂದೆ ಹೆಚ್ಚು ಮಾತಾಡಲಾರದೆ ಬಾಯಿ ಸೊಟ್ಟ ಮಾಡಿದಳು. ಆಮೇಲೆ ಕೋಡುಬಳೆಯ ಪೊಟ್ಟಣ ಕಟ್ಟಿ ಮೊಮ್ಮಗಳ ಬ್ಯಾಗಿಗೆ ಹಾಕುತ್ತಾ, ಮೆಲ್ಲಗೆ ಕೇಳಿದಳು: “ಆ ನಿಮ್ಮತ್ತೆ ಮಗಂಗೂ ಕೊಡ್ತೀಯೇನವ್ವಾ?”

ಮಗಳು ಬಾಗಿಲು ದಾಟಿ, ಚಪ್ಪಲಿ ಸಿಕ್ಕಿಸಿಕೊಂಡು, ಸ್ವಲ್ಪ ಯೋಚನೆ ಮಾಡಿದಳು.

“ಕೇಳುದ್ರೆ ಕೊಡ್ತೀನಿ. ಕಿತ್ಕೊಳಕ್ ಬಂದ್ರೆ ಕೊಡಲ್ಲ” ಅಂದವಳೇ ಬೆಲ್ಲಿನ ಸದ್ದಿಗೆ ಓಡಿದಳು.