ಪಾಲಮ್ಮ ಹೇಳಿದ ಧೈರ್ಯ

ಮಂಡಿ ಸವೆದ ಮೇಲೆ ಪಾಲಮ್ಮನಿಗೆ ಯಲ್ಲದಕೆರೆಯ ಗುಡ್ಡ ಹತ್ತಿ ಕುರಿ ಕಾಯುವುದು ಆಗಲಿಲ್ಲ. ಕುರಿಗಳನ್ನು ಗಂಡ ಎತ್ತಪ್ಪನಿಗೆ ಬಿಟ್ಟು, ಹಿರಿಯೂರಿನ ಹೆದ್ದಾರಿ ಪಕ್ಕದ ಕೋಳಿ ಆಹಾರದ ಕಾರ್ಖಾನೆಗೆ ಸೇರಿಕೊಂಡಳು. ಚೀಲ ಬಿಚ್ಚಿ, ಪುಡಿ ತೂಗಿ, ಮಿಶ್ರಣದ ಯಂತ್ರಕ್ಕೆ ಸುರಿಯುವ ಕೆಲಸ. ಅದರಲ್ಲಿ ಒಂದು ಪುಡಿ ಅವಳಿಗೆ ಇಷ್ಟ. ಸಕ್ಕರೆಯಂತೆ ಬೆಳ್ಳಗೆ, ತುಟಿಗೆ ತಾಗಿದರೆ ಸಿಹಿ.

"ಅದು ಗ್ಲೈಸಿನ್ ಅಂತ ಪಾಲಮ್ಮ," ಎಂದಿದ್ದ ಮೇಲ್ವಿಚಾರಕ ದಯಾನಂದ. "ಅಮೈನೋ ಆಮ್ಲದಾಗೆಲ್ಲ ಇದೇ ಸಣ್ಣದು. ನಮ್ಮ ಮೈಯಾಗೂ ಐತೆ. ಕೋಳಿಗೆ ನಾವ್ ಹಾಕ್ತೀವಿ, ಹೊಟ್ಟೆ ಉರಿ ಮಾತ್ರೆಗೆ ಔಷಧಿಯೋರು ಹಾಕ್ತಾರೆ, ಪ್ಯಾಕೆಟ್ ತಿಂಡಿಗೆ ರುಚಿ ಬರ್ಲಿ ಅಂತ ಸೇರಿಸ್ತಾರೆ. ಲೋಹಕ್ಕೆ ಹೊಳಪು ಹಿಡ್ಸೋ ಕಡೆಗೂ ಬೇಕು. ಕಳೆನಾಶಕ ಮಾಡಾಕೂ ಇದೇ ಬೇಕು ನೋಡು."

ಆ ಸಂಜೆ ಅವಳು ಇದನ್ನೆಲ್ಲ ಗಂಡನಿಗೆ ಹೇಳಿದಳು. ಎತ್ತಪ್ಪ ನಕ್ಕುಬಿಟ್ಟ. "ಹೊಟ್ಟೆ ಉರೀನೂ ತಣ್ಸುತ್ತೆ, ಕಳೆ ಸಾಯ್ಸಾಕೂ ಬೇಕು ಅಂದ್ರೆ ನಮ್ಮ ಬರಗೇರಮ್ಮತ್ತೆ ಇದ್ದಂಗೆ ಐತೆ ಬಿಡು!" ಆ ಸೋದರತ್ತೆ ಬಡಿಸುತ್ತಲೇ ಬೈಯುವವಳು, ಬೈಯುತ್ತಲೇ ಬಡಿಸುವವಳು. ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಬೇಸಿಗೆಯಲ್ಲಿ ಎತ್ತಪ್ಪನಿಗೆ ಮೂತ್ರ ಸಲೀಸಾಗಿ ಹೋಗದಾಯಿತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಪೂರ್ತಿ ಕಟ್ಟಿ, ಹೊಟ್ಟೆ ಉಬ್ಬಿ, ಹಟ್ಟಿಯ ಮುಂದೆ ಹೊರಳಾಡಿದ. ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ನಳಿಗೆ ಹಾಕಿ ಮೂತ್ರ ಇಳಿಸಿದ ಡಾಕ್ಟರು, ಪ್ರಾಸ್ಟೇಟ್ ಗ್ರಂಥಿ ಊದಿದೆ, ಹೊರಗೆ ಕುಯ್ಯದೆ ಮೂತ್ರದ ದಾರಿಯಿಂದಲೇ ಕ್ಯಾಮೆರಾ ಬಿಟ್ಟು ಕೆತ್ತಿ ತೆಗೆಯಬೇಕು ಎಂದರು.

ಎತ್ತಪ್ಪ ಮಂಚದಿಂದ ಎದ್ದು ಕೂತ. "ನಾನೊಲ್ಲೆ. ನಳಿಗೆ ಹಾಕ್ಕಂಡೇ ಇರ್ತೀನಿ. ಊರಿಗೆ ಹೋಗಾಣ ನಡಿ."

ನರ್ಸ್ ರಮ್ಯಾ ಸಮಾಧಾನ ಹೇಳಿದಳು. "ಹೆದರ್ಕಬ್ಯಾಡ್ರಿ ಅಜ್ಜಾರೆ. ಕೆತ್ತೋವಾಗ ರಕ್ತ ಬಂದ್ರೆ ಡಾಕ್ಟ್ರಿಗೆ ಕಾಣಲ್ಲ, ಅದಕ್ಕೆ ಗ್ಲೈಸಿನ್ ನೀರು ಬಿಡ್ತಾ ತೊಳೀತಾ ಇರ್ತಾರೆ, ಅಷ್ಟೇ."

ಆ ಹೆಸರು ಕಿವಿಗೆ ಬಿದ್ದದ್ದೇ ಪಾಲಮ್ಮನ ಮುಖ ಅರಳಿತು. ಪರ ಊರಿನಲ್ಲಿ ನೆಂಟರು ಸಿಕ್ಕ ಹಾಗಾಯಿತು. "ಕೇಳಿದ್ಯಾ? ನಮ್ಮ ಫ್ಯಾಕ್ಟ್ರಿ ಪುಡೀನೇ! ದಿನಾ ಅದನ್ನೇ ಉಸಿರಾಡ್ತೀನಿ, ನಂಗೇನಾಗೈತೆ? ನನ್ ಮಾತು ಕೇಳು, ಏನೂ ಆಗಲ್ಲ."

ಎತ್ತಪ್ಪ ಅವಳ ಮುಖ ನೋಡಿ ಮತ್ತೆ ಮಂಚಕ್ಕೊರಗಿದ. ಆಮೇಲೆ, "ನೀನ್ ಹೇಳ್ತೀಯಂದ್ರೆ ಆಗ್ಲಿ," ಎಂದ.

ಆಪರೇಷನ್ ಎಣಿಸಿದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಸೊಂಟದಿಂದ ಕೆಳಗೆ ಮಾತ್ರ ಅರಿವಳಿಕೆ ಕೊಟ್ಟಿದ್ದರಿಂದ ಅವನು ಮಾತಾಡುತ್ತಲೇ ಹೊರಗೆ ಬಂದ. ಆದರೆ ಮಾತು ತೊದಲುತ್ತಿತ್ತು. ಕಿಟಕಿಯ ಬಿಸಿಲು ಹಾಸಿಗೆಯ ಮೇಲೆಲ್ಲ ಚೆಲ್ಲಿತ್ತು. ಅವನು ಕೈಯಾಡಿಸುತ್ತ, "ಪಾಲಿ, ಯಾಕಿಂಗೆ ಕತ್ಲೆ ಮಾಡೀರಿ? ದೀಪ ಹಚ್ಚೇ," ಎಂದ.

ಅವಳು ಅವನ ಕಣ್ಣೆದುರು ಕೈ ಬೀಸಿದಳು. ರೆಪ್ಪೆ ಅಲುಗಲಿಲ್ಲ.

ಡಾಕ್ಟರು ಮುಚ್ಚಿಡಲಿಲ್ಲ. "ಗಡ್ಡೆ ದೊಡ್ಡದಿತ್ತಮ್ಮ. ಕೆತ್ತಿದ ಜಾಗದಿಂದ ಆ ನೀರು ರಕ್ತಕ್ಕೆ ಜಾಸ್ತಿ ಸೇರಿದೆ. ಅಪರೂಪಕ್ಕೆ ಕೆಲವರಿಗೆ ಹೀಗಾಗುತ್ತೆ. ಕಣ್ಣು ಕಾಣದಿರೋದು ಗ್ಲೈಸಿನ್‌ನಿಂದ, ಅದು ವಾಪಸ್ ಬರುತ್ತೆ. ಆದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಮೆದುಳು ಬಾತ್ಕೊಳ್ತಿದೆ. ನನಗೆ ಭಯ ಇರೋದು ಅದರದ್ದು."

"ಆ ಗ್ಲೈಸಿನ್ ಮೈಯಾಗೇ ಇರುತ್ತಂತಲ್ಲ ಸಾರ್?"

"ಇರುತ್ತಮ್ಮ. ಇರೋಷ್ಟೇ ಇರಬೇಕು."

ಕತ್ತಲಾಗುವ ಮುಂಚೆ ಫಿಟ್ಸ್ ಶುರುವಾಯಿತು. ಹಲ್ಲು ಕಚ್ಚಿ, ಬೆನ್ನು ಬಿಲ್ಲಾಗಿ ಅವನು ಸೆಟೆದದ್ದನ್ನು ಕಂಡ ಪಾಲಮ್ಮ ಬಾಗಿಲಿಗೆ ಹೋಗಿ ನರ್ಸನ್ನು ಕೂಗಿದಳು. ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಅವರು ಅಂದಂತೆಯೇ ಮರುದಿನ ದೃಷ್ಟಿ ಬಂತು. ಎತ್ತಪ್ಪ ಕಣ್ಣು ಬಿಟ್ಟು ಅವಳನ್ನು ನೋಡಿದ. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವ ಹಾಗೆ ನೋಡಿದ.

ಮೆದುಳಿನ ಬಾವು ಇಳಿದರೂ ಆ ಮರೆವು ಊರಿಗೆ ಬಂದ ಮೇಲೂ ಹಾಗೇ ಉಳಿಯಿತು. ಪಾಲಮ್ಮನನ್ನು "ಅಕ್ಕ" ಎನ್ನುತ್ತಿದ್ದ. ಉಂಡ ತಟ್ಟೆ ತೊಳೆಯುವಷ್ಟರಲ್ಲಿ ಮತ್ತೆ ಊಟ ಕೇಳುತ್ತಿದ್ದ.

ಕೆಲಸಕ್ಕೆ ಮರಳಿದ ದಿನ ಅವಳು ಚೀಲ ಬಿಚ್ಚದೆ ನಿಂತಿದ್ದಳು. ದಯಾನಂದ ಹತ್ತಿರ ಬಂದು, "ಪುಡೀದೇನೂ ತಪ್ಪಿಲ್ಲ ಪಾಲಮ್ಮ," ಎಂದ.

"ಪುಡೀದು ಅಂತ ಯಾರ್ ಅಂದ್ರು ಸಾರ್? ಅವ್ನು ಒಲ್ಲೆ ಅಂತಿದ್ದ. ಒಪ್ಸಿದ್ದು ನಾನು."

ದಯಾನಂದ ಅವಳನ್ನು ಚೀಲ ಹೊಲಿಯುವ ಕಡೆಗೆ ಹಾಕಿದ. ಆ ಕೆಲಸವೂ ಹೆಚ್ಚು ಕಾಲ ನಡೆಯಲಿಲ್ಲ. ಅವಳು ಕಾರ್ಖಾನೆಯಲ್ಲಿದ್ದಾಗ ಎತ್ತಪ್ಪ ಮನೆ ಬಿಟ್ಟು ನಡೆದು, ಹೆದ್ದಾರಿಯ ನಡುವೆ ನಿಂತಿದ್ದನಂತೆ. ಲಾರಿಯವರು ಬ್ರೇಕ್ ಹಾಕಿ, ಬೈದು, ಹಟ್ಟಿಗೆ ತಲುಪಿಸಿ ಹೋದರು.

ಅವಳು ಕೆಲಸ ಬಿಟ್ಟಳು. ಈಗ ಸವೆದ ಮಂಡಿಯಲ್ಲೇ ಗುಡ್ಡ ಹತ್ತುತ್ತಾಳೆ. ಮುಂದೆ ಕುರಿಗಳು, ಹಿಂದೆ ಅವಳು, ಅವಳ ಸೆರಗಿನ ತುದಿ ಎತ್ತಪ್ಪನ ರಟ್ಟೆಗೆ ಕಟ್ಟಿದ್ದು. ಏರಿನಲ್ಲಿ ಅವಳು ಏದುಸಿರು ಬಿಟ್ಟು ನಿಂತರೆ ಅವನೂ ನಿಲ್ಲುತ್ತಾನೆ.

"ಅಕ್ಕ, ಕಾಲು ನೋವಾ?" ಎಂದು ಕೇಳುತ್ತಾನೆ.

"ಹೂಂ," ಎನ್ನುತ್ತಾಳೆ ಪಾಲಮ್ಮ.

"ಮನೇಲಿ ಗಂಡ್ಸರು ಯಾರೂ ಇಲ್ವಾ?"

ಅವಳು ಕುರಿಗಳ ಕಡೆ ಕೂಗು ಹಾಕುತ್ತಾಳೆ.