ಮಾದೇವಿಯ ಕಲ್ಲು ಅರ್ಧ ತಾಸು ಮುಂದೆ

ಹಂಸಭಾವಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾದೇವಿ ಮನೆಯಂಗಳದ ದುಂಡನೆಯ ಕರಿಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಿಸಿಲಿಗೆ ಕಾಯುತ್ತಿದ್ದಾರೆ. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಮೊಬೈಲು. ಕಲ್ಲಿನ ಅಂಚಿಗೆ ಅವರೇ ಕೆತ್ತಿದ ಗಿಳಿಗಳ ಸಾಲು, ನಡುವೆ ಓರೆಯಾಗಿ ನಿಂತ ತಾಮ್ರದ ಪಟ್ಟಿ, ಸುತ್ತಲೂ ತಾಸಿಗೊಂದು ಗೆರೆ. ಪಟ್ಟಿಯ ನೆರಳು ಯಾವ ಗೆರೆಯ ಮೇಲೆ ಬೀಳುತ್ತದೋ ಅದೇ ಹೊತ್ತು. ಹೂದೋಟದಲ್ಲಿ ಚೆಂದಕ್ಕೆಂದು ಇಡುವ ನೆರಳು ಗಡಿಯಾರ ಇದು.

ಬಿಸಿಲು ಬರುತ್ತದೆ. ಮೊಬೈಲಿನಲ್ಲಿ ಎಂಟಾದಾಗ ನೆರಳು ಎಂಟರ ಗೆರೆಯನ್ನು ದಾಟಿ, ಒಂಬತ್ತರ ಕಡೆಗೆ ಅರ್ಧ ದಾರಿ ಹೋಗಿಬಿಟ್ಟಿದೆ.

“ನೋಡ್ರಿ, ಸವಣೂರಾಗ ಆದಂಗ ಇಲ್ಲೂ ಆಗೇತಿ,” ಎಂದು ಮಾದೇವಿ ನನ್ನ ಕಡೆ ತಿರುಗುತ್ತಾರೆ. “ ಅದ ಕಲ್ಲು, ಅದ ಅಂಗಳ, ಗೆರಿ ಎಳದಾಕಿ ನಾನ. ಮತ್ತ ತಪ್ಪಿದ್ದು ಯಾರು?”

ಗಂಡ ಫಕ್ಕೀರೇಶ ಚಹಾ ತಂದಿಡುತ್ತಾರೆ. “ಸೂರ್ಯಗ ಒಂದು ಫೋನ್ ಹಚ್ಚು. ಬಸ್ಸಿನಂಗ ಅವಂಗೂ ಟೈಮ್ ಬದ್ಲಿ ಆಗಿರಬೇಕು.”

“ನಗ್ರಿ, ನಗ್ರಿ. ನಿಮಗೇನು,” ಎನ್ನುತ್ತಾರೆ ಮಾದೇವಿ. ಅವರು ಮಾತ್ರ ನಗುವುದಿಲ್ಲ.

ಮಾದೇವಿಯವರದು ಮೂಲದಲ್ಲಿ ಬೀಸುಕಲ್ಲಿನ ಕೆಲಸ. ತಾಯಿಯ ಬೆನ್ನು ಹತ್ತಿ ಹಿರೇಕೆರೂರು, ತಿಳವಳ್ಳಿಯ ಓಣಿಗಳನ್ನು ಸುತ್ತಿ, ಸವೆದ ಕಲ್ಲನ್ನು ಉಳಿಯಿಂದ ಒರಟು ಮಾಡಿಕೊಡುತ್ತಿದ್ದರು. ಮಿಕ್ಸರ್ ಬಂದ ಮೇಲೆ ಕರೆಯುವವರು ಕಡಿಮೆಯಾದರು. ಸವಣೂರಿನ ವಕೀಲ ಶ್ರೀಪಾದ ರಾಯರು ಫೋನಿನಲ್ಲೊಂದು ಚಿತ್ರ ತೋರಿಸಿ, “ಇಂಥಾದು ಆಗ್ತದೇನು?” ಎಂದು ಕೇಳಿದ್ದು ಆಗಲೇ. ಪಟ್ಟಿಯ ಓರೆಯನ್ನೂ, ಅದು ಉತ್ತರಕ್ಕೆ ಮುಖ ಮಾಡಬೇಕೆಂಬುದನ್ನೂ ರಾಯರೇ ಎಲ್ಲೋ ನೋಡಿ ಹೇಳಿದರು. ಗೆರೆಗಳು ಮಾತ್ರ ಮಾದೇವಿಯವರವು. ಹೋದ ಮಾಘದಲ್ಲಿ ಇದೇ ಅಂಗಳದಲ್ಲಿ ದಿನವಿಡೀ ಕುಳಿತು, ಮೊಬೈಲಿನಲ್ಲಿ ತಾಸು ತುಂಬಿದಾಗೆಲ್ಲ ನೆರಳಿನ ಮೇಲೆ ಸುಣ್ಣ ಎಳೆದರು. ಆಮೇಲೆ ಉಳಿ ಹಿಡಿದು ಕೆತ್ತಿ, ಕಲ್ಲನ್ನು ಸವಣೂರಿನಲ್ಲಿ ರಾಯರ ಹೂದೋಟದ ಕಟ್ಟೆಯ ಮೇಲೆ ಕೂರಿಸಿ ಬಂದರು.

ದೀಪಾವಳಿಯ ಹೊತ್ತಿಗೆ ರಾಯರ ಫೋನು ಬಂತು, ಗಡಿಯಾರ ಅರ್ಧ ತಾಸು ಮುಂದೆ ಓಡುತ್ತಿದೆಯೆಂದು. ಕಟ್ಟೆ ಕುಸಿದಿರಬೇಕೆಂದು ಮಾದೇವಿ ಸವಣೂರಿಗೆ ಹೋಗಿ ಮಟ್ಟ ನೋಡಿದರು. ಕಟ್ಟೆ ಸರಿಯಿತ್ತು. ಕಲ್ಲನ್ನೇ ಟೆಂಪೋದಲ್ಲಿ ಹೇರಿಕೊಂಡು ಬಂದರು. ಇದನ್ನು ನೋಡಿಯೇ ಶಿಗ್ಗಾವಿಯ ನರ್ಸರಿಯೊಂದು ಇನ್ನೂ ನಾಲ್ಕು ಬೇಕೆಂದಿದೆ, ರಾಯರ ಕಲ್ಲು ಸರಿ ಹೊತ್ತು ತೋರಿಸಿದರೆ ಮಾತ್ರ. ಇಲ್ಲದಿದ್ದರೆ ಮಾದೇವಿ ಉಳಿ ಕಟ್ಟಿಟ್ಟು ಗೋವಿನಜೋಳದ ತೆನೆ ಮುರಿಯಲು ಹೋಗಬೇಕು.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ರಾಯರೇ ಬರುತ್ತಾರೆ. ತಮ್ಮ ವಾಚು ನೋಡುತ್ತಾರೆ, ಕಲ್ಲು ನೋಡುತ್ತಾರೆ, ಮಾದೇವಿಯವರ ಮೊಬೈಲು ಇಸಿದುಕೊಂಡು ಅದನ್ನೂ ನೋಡುತ್ತಾರೆ.

“ನನಗೂ ತಿಳೀವಲ್ತವಾ. ಬ್ಯಾಸಗಿಯೊಳಗ ಸ್ವಲ್ಪ ಮುಂದಿತ್ತು. ನನ್ನ ವಾಚಿಂದ ತಪ್ಪು ಅಂತ ಸುಮ್ಮನಿದ್ದೆ. ಈಗ ಭಾಳ ಮುಂದ ಹೋಗ್ಯದ.”

“ಹಿಂದ ಬಿದ್ದಿತ್ತೇನ್ರಿ ಯಾವಾಗರ?”

“ಹಿಂದ? ಇಲ್ಲ. ಒಮ್ಮೆನೂ ಇಲ್ಲ.”

ಮಾದೇವಿ ಗೋಡೆಗೆ ಒರಗಿಸಿಟ್ಟ ತಾಯಿಯ ಬೀಸುಕಲ್ಲಿನ ಕಡೆ ನೋಡುತ್ತಾರೆ. ಮೊಬೈಲಿನಲ್ಲಿ ಹನ್ನೆರಡಾಗುತ್ತಲೇ ನೆರಳು ಬಿದ್ದಲ್ಲಿ ಸುಣ್ಣ ಎಳೆದು, ಅದರ ಮೇಲೆ ಉಳಿ ಇಡುತ್ತಾರೆ. ಹಳೆಯ ಗೆರೆಯ ಪಕ್ಕದಲ್ಲೇ ಹನ್ನೆರಡಕ್ಕೆ ಎರಡನೆಯ ಗೆರೆ ಮೂಡುತ್ತದೆ.

“ಇದೇನು, ಒಂದು ತಾಸಿಗೆ ಎರಡು ಗೆರಿ?” ರಾಯರು ಗಾಬರಿಯಾಗುತ್ತಾರೆ.

“ಬೀಸೂ ಕಲ್ಲಿನ ನಡುಗೂಟ ಬಿಗಿ ಆದ್ರ ಕಲ್ಲು ತಿರಗಂಗಿಲ್ರಿ. ಒಂದೀಟು ಸಡ್ಲ ಬಿಡಬೇಕು. ಇದಕ್ಕ ನಾ ಸಡ್ಲಾನ ಬಿಟ್ಟಿಲ್ಲ. ಇದು ಮಾಘದ ಗೆರಿ, ಇದಕಿಂತ ಹಿಂದ ಬಿದ್ದಿಲ್ಲ ಅಂದ್ರಿ. ಇದು ಈಗಿಂದು. ನೆರಳು ಇವೆರಡರ ನಡುವ ಅಡ್ಡಾಡಲಿ.”

“ಯಾರರ ಬಂದು ಹನ್ನೆರಡು ಯಾವಾಗ ಅಂದ್ರ?”

“ಇಲ್ಲಿಂದ ಇಲ್ಲೀತನಕ ಅನ್ರಿ.”

ಫಕ್ಕೀರೇಶ ಹಿಂದಿನಿಂದ, “ಊಟಕ್ಕ ಅಷ್ಟು ಸಡ್ಲ ಬಿಟ್ರ ಸಾಕು,” ಎನ್ನುತ್ತಾರೆ. ರಾಯರಿಗೂ ನಗು ಬರುತ್ತದೆ. ಆದರೆ ಅವರು ಒಪ್ಪಿದರೋ ಇಲ್ಲವೋ ಮುಖ ನೋಡಿದರೆ ಗೊತ್ತಾಗುವುದಿಲ್ಲ. ನೆರಳು ಯಾಕೆ ಹೀಗೆ ಸರಿಯಿತು ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿಲ್ಲ, ಇದನ್ನು ಬರೆಯುತ್ತಿರುವ ನನಗೂ.

ಸಂಜೆಯವರೆಗೆ ಮಧ್ಯಾಹ್ನದ ಮೇಲಿನ ಗೆರೆಗಳೂ ಜೋಡಿಯಾಗುತ್ತವೆ. ಬೆಳಗಿನವಕ್ಕೆ ಮರುದಿನ ಕುಳಿತುಕೊಳ್ಳಬೇಕು. ಹೊರಡುವಾಗ ರಾಯರು ಹೇಳುತ್ತಾರೆ: “ಹಳೀ ಗೆರಿ ಅಳಿಸಬ್ಯಾಡ. ಕಲ್ಲು ಕಳಿಸು. ಶಿಗ್ಗಾವಿಯವರಿಗೆ ಮಾಘದ ತನಕಾ ತಡೀರಿ ಅಂತೇನಿ.”

ಕಾರು ಹೋದ ಮೇಲೆ ಮಾದೇವಿ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸುತ್ತಾರೆ. ನಾಲ್ಕು ಕಲ್ಲಿನ ಕೆಲಸ ಸಿಗುವ ಆಸೆ ಇದೆಯೇ ಎಂದು ನಾನು ಕೇಳಿದರೆ ತಲೆ ಆಡಿಸುತ್ತಾರೆ, ಹೌದೆಂದೋ ಅಲ್ಲವೆಂದೋ.

“ಮಾಘದಾಗ ಸವಣೂರಿಗೆ ಹೋಗಿ ಒಂದು ದಿನ ಕುಂದ್ರಬೇಕ್ರಿ,” ಎನ್ನುತ್ತಾರೆ ಕಡೆಗೆ. “ನೆರಳು ನನ್ನ ಮೊದಲ್ನೇ ಗೆರಿಗೆ ತಿರುಗಿ ಬಂದ್ರ ಸಾಕು. ಎಲ್ಲಿಗೆ ಹೋಗಿದ್ದಿ ಅಂತ ನಾ ಕೇಳಂಗಿಲ್ಲ.”