ಸಂಕ್ರಾಂತಿಗೆ ಬಣ್ಣ ಬಳಿಸಿಕೊಂಡ ಕೊಕ್ಕರೆಗಳು

ಪ್ರಾಣಿಗಳ ಕೊಂಬು, ಮೂಳೆ, ಚಿಪ್ಪಿನಿಂದ ಮಾಡಿದ ಹಳೇ ಅಲಂಕಾರದ ಸಾಮಾನು ಕಂಡರೆ ನನಗೆ ಬಿಟ್ಟು ಬರಲಾಗುವುದಿಲ್ಲ. ದಂತ, ಜಿಂಕೆಕೊಂಬು ಮುಟ್ಟುವುದಿಲ್ಲ. ಕಾನೂನು ಒಪ್ಪುವುದಿಲ್ಲ, ನನ್ನ ಮನಸ್ಸೂ ಒಪ್ಪುವುದಿಲ್ಲ. ಹೆಬ್ಬಗೋಡಿಯ ನಮ್ಮ ಬಾಡಿಗೆ ಮನೆಯಲ್ಲಿ ಟಿವಿ ಇಡಬೇಕಾದ ಜಾಗದಲ್ಲಿ ಕೊಂಬಿನ ಬಾಚಣಿಗೆ, ಮೂಳೆ ಹಿಡಿಯ ಚಾಕು, ಚಿಪ್ಪಿನ ಕುಂಕುಮದ ಡಬ್ಬಿ ಕೂತಿವೆ. ನನ್ನ ಗಂಡ ಅದನ್ನು ಸ್ಮಶಾನ ಎನ್ನುತ್ತಾನೆ. ಕ್ರಿಕೆಟ್ಟನ್ನು ಫೋನಿನಲ್ಲಿ ನೋಡಬೇಕಲ್ಲ, ಆ ಹೊಟ್ಟೆಯುರಿ.

ಇವುಗಳ ಪೈಕಿ ನನ್ನ ಕಣ್ಮಣಿ ಅಂದರೆ ಎಮ್ಮೆಕೊಂಬಿನ ಕೊಕ್ಕರೆ ಜೋಡಿ. ಅತ್ತಿಬೆಲೆಯ ಗುಜರಿ ಅಂಗಡಿಯಲ್ಲಿ ಕೆಟ್ಟ ಮಿಕ್ಸಿಗಳ ಮಧ್ಯೆ ಸಿಕ್ಕಿದ್ದು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಅದರ ಹಳೇ ಕಪ್ಪು ಹೊಳಪನ್ನು ಹೊರಗೆ ತಂದಿದ್ದೆ. ಅದನ್ನು ನೋಡಿ ವೈಟ್‌ಫೀಲ್ಡಿನ ಒಬ್ಬ ಹಿರಿಯರು ಮರುಳಾದರು. ಅವರದೂ ಇದೇ ಹುಚ್ಚು. ಜೋಡಿ ಕೊಟ್ಟರೆ ಒಂಟೆ ಮೂಳೆಯ ಹೂಬಳ್ಳಿ ಕೂರಿಸಿದ ಮರದ ಪೆಟ್ಟಿಗೆ ಕೊಡುವುದಾಗಿ ಹೇಳಿದರು. ಆ ಪೆಟ್ಟಿಗೆಯ ಮೇಲೆ ನನಗೆ ಎಷ್ಟೋ ವರ್ಷದಿಂದ ಆಸೆ. ಹಬ್ಬ ಮುಗಿದ ಮೇಲಿನ ಭಾನುವಾರ ಬರುತ್ತೇನೆಂದರು.

ಸಂಕ್ರಾಂತಿಗೆ ನಾವು ನಮ್ಮ ಅಮ್ಮನ ಮನೆಗೆ ಹೋದೆವು. ತುಳಸಿಗೆ ನೀರು ಹಾಕಲಿ ಎಂದು ಕೀಲಿಯನ್ನು ಕೆಳಗಿನ ಅಜ್ಜಿಗೆ ಕೊಟ್ಟೆ. ಅಜ್ಜಿ ಮನೆ ಓನರ್‌ನ ತಾಯಿ, ಇದೇ ಊರಿನ ಬೇಸಾಯದ ಮನೆತನ. ಅವರ ಕೊಟ್ಟಿಗೆ ಇದ್ದ ಕಡೆ ಈಗ ಬಾಡಿಗೆಯವರ ಸ್ಕೂಟರುಗಳು ನಿಲ್ಲುತ್ತವೆ.

ವಾಪಸ್ ಬಂದು ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತೆ. ಒಂದು ಕೊಕ್ಕರೆ ಕಡುನೀಲಿ, ಇನ್ನೊಂದು ಕೆಂಪು. ಕೊಕ್ಕಿಗೆ ಹಳದಿ, ಹಣೆಗೆ ಕುಂಕುಮ. ಮುಂದೆ ತಟ್ಟೆಯಲ್ಲಿ ಎಳ್ಳುಬೆಲ್ಲ. ಗೇಟಿಗೆ ಬಳಿದು ಮಿಕ್ಕಿದ್ದ ಪೇಂಟು, ವಾಸನೆಯಿಂದಲೇ ಗೊತ್ತಾಯಿತು. ಸಿಟ್ಟಿಗೆ ಅಳುವೇ ಬಂತು. ಚಪ್ಪಲಿ ಕೂಡ ಮೆಟ್ಟದೆ ದಡದಡ ಕೆಳಗಿಳಿದೆ.

ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಕೇಳಿದರು.

"ಎಂಗೈತವ್ವ? ಕೈ ನಡುಗ್ತು, ಬಣ್ಣ ವಸಿ ಆಚೀಚೆ ಆಗೈತೆ. ಅಬ್ಬದ ದಿನ ಬರಿಗೊಂಬು ಬುಡಬಾರ್ದು ಕಣವ್ವ."

ಅದು ಎಮ್ಮೆಕೊಂಬು, ಎತ್ತಿನದಲ್ಲ ಎಂದೆ. ಆ ಹೊತ್ತಿಗೆ ಹೊಳೆದದ್ದು ಅಷ್ಟೇ. ಎಮ್ಮೆಯೂ ದನವೇ ಅಲ್ಲವೇ ಎಂದರು. ಮದುವೆಯಾಗಿ ಬಂದಾಗಿನಿಂದ ಸಂಕ್ರಾಂತಿಯ ಬೆಳಗ್ಗೆ ಈ ಮನೆಯ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದವರು ಅವರೇ ಅಂತೆ. ಕೊಟ್ಟಿಗೆ ಕೆಡವಿದ ಮೇಲೆ ಹಬ್ಬದ ದಿನ ಕೈಗೆ ಕೆಲಸವೇ ಇರಲಿಲ್ಲವಂತೆ. ಅದನ್ನು ಕೇಳಿ ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದೆ. ಸಿಟ್ಟೇನೂ ಇಳಿದಿರಲಿಲ್ಲ. ಕಾಯಿಗಳ ಮೇಲೆ ತೀರಿಸಿಕೊಂಡೆ.

ಭಾನುವಾರ ಆ ಹಿರಿಯರು ಪೆಟ್ಟಿಗೆ ಸಮೇತ ಬಂದರು. ಕೊಕ್ಕರೆ ನೋಡಿ ಅವರ ಮುಖ ಸಣ್ಣದಾಯಿತು. ಆಮೇಲೆ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, ಪರವಾಗಿಲ್ಲ, ಥಿನ್ನರ್ ಹಾಕಿದರೆ ಎಲ್ಲ ಹೋಗುತ್ತದೆ, ಮಾತಿನಂತೆ ಪೆಟ್ಟಿಗೆ ಇಟ್ಟುಕೊಳ್ಳಿ ಎಂದರು. ಪೆಟ್ಟಿಗೆ ನನ್ನ ಮಡಿಲಲ್ಲೇ ಇತ್ತು. ಮುಚ್ಚಳ ತೆಗೆದರೆ ಗಂಧದ ವಾಸನೆ.

ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ. ಯಾರೋ ಕೊಕ್ಕರೆ ನೋಡಲು ಬರುತ್ತಾರೆಂದು ಗಂಡ ಹೇಳಿಬಿಟ್ಟಿದ್ದ. ತಾವು ಹಚ್ಚಿದ ಬಣ್ಣ ನೋಡಲು ಬಂದಿದ್ದಾರೆಂದುಕೊಂಡು ಹೊಸ ಸೀರೆ ಉಟ್ಟು, ಮಂಡಿನೋವಿನಲ್ಲೂ ಎರಡು ಮಹಡಿ ಹತ್ತಿದ್ದರು.

"ನಮ್ಮನೇವು ಸಾಮಿ," ಎಂದರು ಅವರಿಗೆ. "ಚೆಂದಾಗವೆ ಅಲ್ವ್ರಾ?"

ಹಿರಿಯರು ನನ್ನ ಮುಖ ನೋಡಿದರು. ನಾನು ಪೆಟ್ಟಿಗೆಯ ಮುಚ್ಚಳ ಹಾಕಿ ವಾಪಸ್ ಕೊಟ್ಟೆ. ಅದರ ಮೇಲಿನ ಆಸೆ ಹೋಗಿರಲಿಲ್ಲ, ಸುಳ್ಳೇಕೆ ಹೇಳಲಿ. ಅವರು ದೊಡ್ಡವರು, ತುಂಬಾ ಚೆನ್ನಾಗಿವೆ ಅಮ್ಮಾ ಎಂದು ಅಜ್ಜಿಗೆ ಹೇಳಿ ಕಾಫಿ ಕುಡಿದು ಹೋದರು.

ಈಗ ನಮ್ಮ ಸ್ಮಶಾನದಲ್ಲಿ ಅವೆರಡೇ ರಂಗಾಗಿ ನಿಂತಿವೆ. ದಿನವೂ ನೋಡಿ ನೋಡಿ ನನಗೂ ಹಿಡಿಸಿಬಿಟ್ಟಿವೆ. ಮತ್ತೆ ಸಂಕ್ರಾಂತಿ ಹತ್ತಿರ ಬಂದಿದೆ. ಮೊನ್ನೆ ಅಜ್ಜಿ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, ಈ ಸಲ ಹಬ್ಬಕ್ಕೆ ಊರಿಗೆ ಹೋಗುತ್ತೀಯಾ ಎಂದು ಕೇಳಿದರು. ಇಲ್ಲ ಅಜ್ಜಿ, ಬಣ್ಣ ಹಚ್ಚೋದಿದೆಯಲ್ಲ ಎಂದೆ.